ಅಮ್ಮನ ತಳ್ಳುಗಾಡಿ ಜಿಡಿಪಿ ಲೆಕ್ಕಕ್ಕೆ ಹೇಗೆ ಸೇರುತ್ತೆ?

ಹಾಸನದ_ಹುಡ್ಗ
ಎಲ್ರಿಗೂ ನಮಸ್ಕಾರ. ನಮ್ಮಮ್ಮ ಬಸ್ ಸ್ಟ್ಯಾಂಡ್ ಹತ್ರ ತಳ್ಳುಗಾಡೀಲಿ ಇಡ್ಲಿ, ಚಿತ್ರಾನ್ನ ಮಾರ್ತಾರೆ, 14 ವರ್ಷ ಆಯ್ತು. ಬಿಲ್ ಇಲ್ಲ, ಜಿಎಸ್‌ಟಿ ಇಲ್ಲ, ಲೆಕ್ಕ ಎಲ್ಲಾ ಅವರ ತಲೇಲೇ. ನಾನು ಎಂ.ಎ. ಎಕನಾಮಿಕ್ಸ್ ಮೊದಲ್ನೇ ವರ್ಷ, ಮೂರು ತಿಂಗಳಿಗೊಂದ್ಸಲ ಜಿಡಿಪಿ ಇಷ್ಟು ಬೆಳೀತು ಅಂತ ಬರುತ್ತಲ್ಲ, ಅದ್ರಲ್ಲಿ ಅಮ್ಮನ ಗಾಡಿ ಇದ್ಯಾ? ಯಾರೂ ಬಂದು ಕೇಳಿಲ್ಲ, ಮತ್ತೆ ಹೇಗೆ ಗೊತ್ತಾಗುತ್ತೆ? 2020ರ ಲಾಕ್‌ಡೌನಲ್ಲಿ ಗಾಡಿ ಮನೆ ಮುಂದೆ ಟಾರ್ಪಾಲ್ ಹೊದ್ಕೊಂಡು ನಿಂತೇ ಇತ್ತು, ಅದನ್ನ ಯಾರಾದ್ರೂ ಎಣಿಸಿದ್ರಾ ಅನ್ನೋದು ತುಂಬಾ ದಿನದಿಂದ ತಲೇಲಿದೆ.

ಲೆಕ್ಕದ_ಮೇಷ್ಟ್ರು
ಇದೆಯಪ್ಪಾ, ಆದ್ರೆ ನಿಮ್ಮಮ್ಮನ ಗಾಡಿ ಅಂತ ಪ್ರತ್ಯೇಕವಾಗಿ ಇಲ್ಲ. 2011-12ನ್ನ ಆಧಾರ ವರ್ಷ, ಅಂದ್ರೆ ಮುಂದಿನ ವರ್ಷಗಳನ್ನ ಹೋಲಿಸೋ ವರ್ಷ, ಮಾಡ್ಕೊಂಡು ತಂದ ಜಿಡಿಪಿ ಸರಣೀಲಿ ಏನ್ ಮಾಡಿದ್ರು ಅಂದ್ರೆ, ಇಂಥಾ ಕಸುಬಲ್ಲಿ ಎಷ್ಟು ಜನ ಇದಾರೆ ಅನ್ನೋದನ್ನ 2011-12ರ ಉದ್ಯೋಗ ಸರ್ವೆಯಿಂದ ತಗೊಂಡ್ರು, ಒಬ್ಬೊಬ್ರು ಎಷ್ಟು ಮೌಲ್ಯ (ಮಾರಿದ್ದರಲ್ಲಿ ಸಾಮಾನಿನ ಖರ್ಚು ಕಳೆದು ಉಳಿದದ್ದು) ಸೇರಿಸ್ತಾರೆ ಅನ್ನೋದನ್ನ 2010-11ರ ಸಣ್ಣ ಉದ್ಯಮಗಳ ಸರ್ವೆಯಿಂದ ತಗೊಂಡು ಗುಣಿಸಿದ್ರು. ಮಾಲೀಕರು, ಕೂಲಿಯವ್ರು, ಸಂಬಳ ಇಲ್ದೆ ಕೈಜೋಡಿಸೋ ಮನೆಯವ್ರು, ಇವ್ರಿಗೆಲ್ಲ ಒಂದೇ ತೂಕ ಕೊಡ್ಲಿಲ್ಲ. ನೀವು ಬೆಳಗ್ಗೆ ಕಾಯಿ ತುರಿದುಕೊಟ್ಟು ಕಾಲೇಜಿಗೆ ಹೋಗ್ತಿದ್ರೆ ಆ ಮೂರನೇ ಸಾಲು ನಿಮ್ದೇ.

ತೊಂದ್ರೆ ಇದ್ದದ್ದು ಆಮೇಲಿನ ವರ್ಷಗಳಲ್ಲಿ. ಹೊಸ ಸರ್ವೆ ಬರೋ ತನಕ ಆ ಹಳೇ ಅಂಕಿನೇ ಬೇರೆ ಸೂಚಕ ಹಿಡ್ಕೊಂಡು, ಅದು ಎಷ್ಟು ಏರಿದ್ರೆ ಇದೂ ಅಷ್ಟೇ ಅಂತ, ಮುಂದೆ ಎಳೀತಿದ್ರು, ಸಣ್ಣ ತಯಾರಿಕೆಗೆ ಕೈಗಾರಿಕಾ ಉತ್ಪಾದನೆ ಸೂಚ್ಯಂಕ, ವ್ಯಾಪಾರಕ್ಕೆ ಮಾರಾಟ ತೆರಿಗೆ, ಆಮೇಲೆ ಜಿಎಸ್‌ಟಿ. ಅಂದ್ರೆ ದೊಡ್ಡವ್ರು ಹೋದ ದಿಕ್ಕಲ್ಲೇ ಸಣ್ಣವ್ರೂ ಹೋಗ್ತಾರೆ ಅನ್ನೋ ನಂಬಿಕೆ. ಮಾಮೂಲಿ ವರ್ಷದಲ್ಲಿ ಅದು ನಡಿಯುತ್ತೆ. 2016ರ ನವೆಂಬರ್ 8ಕ್ಕೆ ನೋಟು ರದ್ದಾದಾಗ ನಡಿಯುತ್ತಾ? ಕಾರ್ಡ್ ಉಜ್ಜೋ ಅಂಗಡಿ ಉಳೀತು, ನಗದು ನಂಬಿದವ್ರು ಬಿದ್ರು, ಬಿದ್ದವ್ರ ವ್ಯಾಪಾರಾನೂ ದೊಡ್ಡೋರಿಗೇ ಹೋಯ್ತು ಅಂದ್ರೆ ಸೂಚಕ ಮೇಲಕ್ಕೇ ತೋರಿಸುತ್ತೆ. ನನಗೆ ಇದು ಸಣ್ಣ ತಪ್ಪು ಅನ್ಸಲ್ಲ.

ಲಾಕ್‌ಡೌನ್ ಕೇಳಿದ್ರಲ್ಲ, 2020 ಏಪ್ರಿಲ್-ಜೂನ್ ಜಿಡಿಪಿ 23.9% ಕುಸೀತು ಅಂತ ಮೊದಲ ಅಂದಾಜು ಬಂತು, ಮಾಹಿತಿ ಸಿಗೋದೇ ಕಷ್ಟ ಆಗಿತ್ತು, ಅಂಕಿ ಬದಲಾಗಬಹುದು ಅಂತ ಸರ್ಕಾರಾನೇ ಬರ್ದಿತ್ತು. ಅದ್ರಲ್ಲಿ ಟಾರ್ಪಾಲ್ ಹೊದ್ದ ಗಾಡಿಗಳ ಪಾಲು ನೇರವಾಗಿ ಅಳೆದದ್ದಲ್ಲ.

ಫೀಲ್ಡ್_ನೋಟ್ಸ್
ಮೇಷ್ಟ್ರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ, ನಾನು ಸರ್ವೆ ಕೆಲಸ ಮಾಡಿದವ್ನು. ಈಗ ಅಸಂಘಟಿತ, ಅಂದ್ರೆ ಕಂಪನಿ ಅಂತ ನೋಂದಾಯಿಸದ, ಉದ್ಯಮಗಳ ಸರ್ವೆ ವರ್ಷಾ ವರ್ಷ ನಡೀತಿದೆ, ಹಳೇ ಅಂಕಿ ಎಳೆಯೋದು ಅಷ್ಟು ಕಮ್ಮಿ ಆಗ್ಬೇಕು. 2022-23ರಲ್ಲಿ 6.50 ಕೋಟಿ ಉದ್ಯಮ ಸಿಕ್ತು, 2023-24ರಲ್ಲಿ 7.34 ಕೋಟಿ, ಕೆಲ್ಸ ಮಾಡೋರು 12 ಕೋಟಿಗೂ ಮೇಲೆ. ಕೃಷಿ, ಕಟ್ಟಡ ಕೆಲ್ಸ ಇದ್ರಲ್ಲಿ ಸೇರಿಲ್ಲ, ಗಾರೆಯವ್ರು ಇಲ್ಲಿ ಬರಲ್ಲ.

ಗಾಡಿಯವ್ರನ್ನ ರಸ್ತೇಲಿ ಹುಡುಕಲ್ಲ, ಅವ್ರ ಮನೇಲೇ ಪಟ್ಟಿ ಮಾಡ್ತೀವಿ. ಬಾಗಿಲು ತೆಗೆದ ತಕ್ಷಣ ಟ್ಯಾಕ್ಸ್‌ನವ್ರಾ ಅಂತಾರೆ. ಅಲ್ಲ ಅಂತ ಒಪ್ಸೋಕೇ ಅರ್ಧ ಗಂಟೆ. ಲಾಭ ಎಷ್ಟು ಅಂದ್ರೆ ‘ಏನೂ ಉಳಿಯಲ್ಲ ಸಾರ್’ ಅಷ್ಟೇ, ಅದಕ್ಕೆ ಹಾಗೆ ಕೇಳ್ಬಾರ್ದು, ಅಕ್ಕಿ ಎಷ್ಟು ಕೆಜಿ, ಉದ್ದು ಎಷ್ಟು, ಸಿಲಿಂಡರ್ ಎಷ್ಟು ದಿನ ಬರುತ್ತೆ, ಹಬ್ಬದ ದಿನ ರಜಾನಾ, ಹೀಗೆ ಹೋದ್ರೆ ಅವ್ರೇ ಲೆಕ್ಕ ಬಿಡಿಸ್ತಾರೆ. ತಪ್ಪಿಹೋಗೋರು ಮನೆಯೊಳಗಿನವ್ರು. ಬ್ಲೌಸ್ ಹೊಲಿಯೋರು, ಹಪ್ಪಳ ಮಾಡೋರು, ‘ನಮ್ಮನೆಯವ್ಳು ಏನೂ ಮಾಡಲ್ಲ’ ಅಂತ ಗಂಡಸ್ರು ಹೇಳ್ಬಿಡ್ತಾರೆ, ಒಳಗೆ ಮಿಷನ್ ಸದ್ದು ಕೇಳ್ತಾ ಇರುತ್ತೆ.

ಕುಡ್ಲದವಳು
ಆ ಕೊನೆ ಮಾತು ನಮ್ಮ ಮನೆಯದ್ದೇ. ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ಬ್ರಾಂಚಿಗೆ (ಬೀಡಿ ಕಂಪನಿಯ ಪರವಾಗಿ ತಗೊಳ್ಳುವ ಜಾಗ) ಕೊಡುವುದು, ಎಲೆ ಹೊಗೆಸೊಪ್ಪು ಅಲ್ಲಿಂದಲೇ, ಸಾವಿರಕ್ಕೆ ಇಷ್ಟು ಅಂತ ಮಜೂರಿ. ಪಿಎಫ್ ಉಂಟು. ಈಗ ಅವರು ಅಸಂಘಟಿತವಾ ಸಂಘಟಿತವಾ?

ಲೆಕ್ಕದ_ಮೇಷ್ಟ್ರು
ಒಳ್ಳೇ ಪ್ರಶ್ನೆ ತಾಯಿ. ಅಸಂಘಟಿತ ಅಂದ್ರೇನು ಅನ್ನೋ ಅಂತರರಾಷ್ಟ್ರೀಯ ವ್ಯಾಖ್ಯೆ 1993ರಲ್ಲಿ ಉದ್ಯಮ ಎಂಥದ್ದು ಅಂತ ನೋಡ್ತಿತ್ತು, 2003ರಲ್ಲಿ ಉದ್ಯೋಗ ಎಂಥದ್ದು ಅನ್ನೋದನ್ನೂ ಸೇರಿಸಿದ್ರು. ಮನೇಲಿ ಕೂತು ಗುತ್ತಿಗೇಲಿ ಮಾಡೋರನ್ನ ಸರ್ವೆ ಸಾಮಾನ್ಯವಾಗಿ ಸ್ವಂತ ಉದ್ಯಮ ಅಂತ ಬರ್ಕೊಳ್ಳುತ್ತೆ, ಪಿಎಫ್ ಇದೆ ಅಂದ್ರೆ ಕಾನೂನು ಅವ್ರನ್ನ ಕಾರ್ಮಿಕರು ಅಂತ ಒಪ್ಪಿದೆ. ಎರಡೂ ಕಡೆ ಕಾಲಿದೆ, ಬರ್ಕೊಳ್ಳೋರು ಕೇಳೋ ರೀತಿ ಮೇಲೆ ಹೋಗುತ್ತೆ.

ಹಾಸನದ_ಹುಡ್ಗ
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅಮ್ಮನ್ನ ಕೂರಿಸ್ಕೊಂಡು ಅಕ್ಕಿ, ಉದ್ದು, ಗ್ಯಾಸು ಅಂತ ಕೇಳ್ತಾ ಹೋದೆ, ನೋಟ್‌ಬುಕ್ ಎರಡು ಪುಟ ತುಂಬ್ತು. ಅಮ್ಮ ನಾಲ್ಕು ಗಂಟೆಗೆ ಎದ್ದು ದುಡಿಯೋದಕ್ಕೆ ಕೂಲಿ ಅಂತ ಖರ್ಚಲ್ಲಿ ಹಾಕ್ಬೇಕಾ?

ಫೀಲ್ಡ್_ನೋಟ್ಸ್
ಹಾಕ್ಬೇಡಿ. ಸಾಮಾನಿನ ಖರ್ಚು ಕಳೆದು ಉಳಿದದ್ದರಲ್ಲೇ ಅವ್ರ ದುಡಿಮೆ ಸೇರಿದೆ, ಕೂಲಿ ಯಾವ್ದು ಲಾಭ ಯಾವ್ದು ಅಂತ ಬೇರ್ಪಡಿಸೋಕೆ ಆಗಲ್ಲ, ಅದಕ್ಕೇ ಪುಸ್ತಕದಲ್ಲಿ ಮಿಶ್ರ ಆದಾಯ ಅಂತಾರೆ.