ಮುಧೋಳ ನಾಯಿ ಕರೆದರೆ ಬರಲ್ಲ, ಸಾಕಿದವರು ಅನುಭವ ಹೇಳಿ

ಕೇಳಿದವರು (ಮೈಸೂರು):
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹತ್ತು ತಿಂಗಳ ಗಂಡು ಮುಧೋಳ ಇದೆ. ಹೊಸ ಬಡಾವಣೆ, ಸುತ್ತ ಖಾಲಿ ಸೈಟುಗಳು. ಮನೆಯೊಳಗೆ ಇದರಷ್ಟು ಸಾಧು ನಾಯಿ ಇನ್ನೊಂದಿಲ್ಲ. ಹೊರಗೆ ಬಿಟ್ಟರೆ ಬೆಕ್ಕು, ಅಳಿಲು, ಸ್ಕೂಟರ್ ಏನು ಕಂಡರೂ ಓಟ. ಹೆಸರು ಹಿಡಿದು ಎಷ್ಟು ಕೂಗಿದರೂ ತಿರುಗಿ ನೋಡಲ್ಲ. ಈಚೆಗೆ ಊಟ ಮಾಡುವಾಗ ಮಗಳು ಹತ್ತಿರ ಹೋದರೆ ಗುರ್ ಅನ್ನುತ್ತದೆ. ತರಬೇತಿ ಕೊಡುವ ಒಬ್ಬರು, "ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗಬೇಕು, ಅಂಗಾತ ಕೆಡವಿ ಒತ್ತಿ ಹಿಡಿಯಿರಿ" ಅಂದರು. ನನಗೆ ಮನಸ್ಸು ಬರುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬಾಗಲಕೋಟೆ ಕಡೆಯವರು:
ಮೇಡಂ, ಒತ್ತಿ ಹಿಡಿಯುವುದು ಬೇಡವೇ ಬೇಡ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ, ಮೊದಲು ಓಟದ ವಿಷಯ.

ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ. ನಮ್ಮ ಕಡೆ ಬಯಲು ಸೀಮೆಯಲ್ಲಿ ತಲೆಮಾರುಗಳಿಂದ ಮೊಲದ ಹಿಂದೆ ಬಿಟ್ಟು, ಅದರಲ್ಲಿ ಚೆನ್ನಾಗಿ ಓಡಿದ್ದನ್ನೇ ಆರಿಸಿ ಮರಿ ಮಾಡಿಸಿಕೊಂಡು ಬಂದಿದ್ದಾರೆ. (ಈಗ ಮೊಲದ ಬೇಟೆ ಅಪರಾಧ, 1972ರ ವನ್ಯಜೀವಿ ಕಾಯ್ದೆ ಇದೆ. ಯಾರೂ ಆ ಕಡೆ ಹೋಗಬೇಡಿ.) ಪ್ರತಿ ಹೆಜ್ಜೆಗೂ ಹಿಂದೆ ತಿರುಗಿ ಯಜಮಾನನ ಮುಖ ನೋಡುವ ನಾಯಿಗೆ ಮೊಲ ಸಿಗುತ್ತದಾ? ಹಾಗಾಗಿ ತಾನೇ ನೋಡಿ, ತಾನೇ ತೀರ್ಮಾನಿಸಿ ಓಡುವ ಗುಣ ಇದರ ರಕ್ತದಲ್ಲೇ ಇದೆ. ಓಟ ಶುರುವಾದ ಮೇಲೆ ನೀವು ಕೂಗಿದ್ದು ಅದಕ್ಕೆ ಕೇಳಿಸಿದರೂ ಕೇಳಿಸಿದ ಹಾಗಲ್ಲ.

ನಿಮ್ಮ ಕೈಯಲ್ಲಿರುವುದು ಅದಕ್ಕಿಂತ ಮುಂಚಿನ ಒಂದೆರಡು ಸೆಕೆಂಡು. ನಾಯಿ ಮೊದಲು ಗಮನಿಸುತ್ತದೆ, ಆಮೇಲೆ ದಿಟ್ಟಿಸುತ್ತದೆ, ಆಮೇಲೆ ಓಡುತ್ತದೆ. ಇಷ್ಟೂ ಮೈಯಲ್ಲಿ ಕಾಣುತ್ತದೆ. ನಾಳೆ ಬೆಳಿಗ್ಗೆ ಕರೆದುಕೊಂಡು ಹೋದಾಗ ಬಾಯಿಯನ್ನೇ ನೋಡಿ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಾ ನಡೆಯುತ್ತಿರುವ ನಾಯಿ ಏನೋ ಕಂಡ ತಕ್ಷಣ ಬಾಯಿ ಮುಚ್ಚುತ್ತದೆ. ಜೋತು ಬಿದ್ದಿದ್ದ ಕಿವಿ ಬುಡದಲ್ಲಿ ಸ್ವಲ್ಪ ಎದ್ದು ಮುಂದಕ್ಕೆ ಬರುತ್ತದೆ. ಬಾಲ ಅಲ್ಲಾಡುವುದು ನಿಲ್ಲುತ್ತದೆ. ಮೈಭಾರ ಮುಂಗಾಲಿಗೆ ಬರುತ್ತದೆ, ಕೆಲವು ನಾಯಿ ಒಂದು ಮುಂಗಾಲು ಎತ್ತಿ ಹಾಗೇ ನಿಂತುಬಿಡುತ್ತವೆ. ಆ ಬಾಯಿ ಮುಚ್ಚಿದ ಗಳಿಗೆಯಲ್ಲಿ ಕರೆದರೆ ಬರುತ್ತದೆ. ಮುಂಗಾಲಿಗೆ ಭಾರ ಬಿದ್ದ ಮೇಲೆ ಕಷ್ಟ. ಹಾರಿದ ಮೇಲೆ ಮುಗಿಯಿತು. ಇದನ್ನು ನೋಡಬೇಕಾದರೆ ವಾಕಿಂಗ್‌ನಲ್ಲಿ ಫೋನ್ ಜೇಬಿನಲ್ಲೇ ಇರಬೇಕು. ಎಷ್ಟೋ ಜನ ನಾಯಿಗೆ ಗಮನ ಕಲಿಸಬೇಕು ಅಂತಾರೆ, ಅವರ ಗಮನ ಮಾತ್ರ ನಾಯಿ ಮೇಲೆ ಇರುವುದಿಲ್ಲ.

ಅಭ್ಯಾಸ ಹಾಲ್‌ನಿಂದ ಶುರು ಮಾಡಿ. ಹೆಸರು ಒಂದೇ ಸಲ ಕರೆಯಿರಿ, ತಿರುಗಿದ ಕೂಡಲೇ ಬೇಯಿಸಿದ ಕೋಳಿಯ ಚೂರೋ ಪನೀರೋ ಕೊಡಿ. ಆಮೇಲೆ ಅಂಗಳ, ಆಮೇಲೆ ಖಾಲಿ ಸೈಟು, ಅದೂ ಉದ್ದ ಹಗ್ಗ ಕಟ್ಟಿಕೊಂಡು. ಹಗ್ಗವನ್ನು ಕೊರಳಿಗೆ ಕಟ್ಟಬೇಡಿ, ಎದೆಗೆ ಹಾಕುವ ಬೆಲ್ಟ್‌ಗೇ ಕಟ್ಟಿ. ಈ ವೇಗದಲ್ಲಿ ಓಡಿ ಜಗ್ಗಿದರೆ ಕುತ್ತಿಗೆಗೆ ಪೆಟ್ಟು. ಇನ್ನೊಂದು, ಮುಧೋಳಕ್ಕೆ ತಲೆ ಸಣ್ಣ, ಕತ್ತು ದಪ್ಪ. ದಿನದ ವಾಕಿಂಗ್‌ಗೆ ಮಾಮೂಲಿ ಕಾಲರ್ ಆದರೆ ಹಿಂದಕ್ಕೆ ಜಗ್ಗಿ ತಲೆ ನುಸುಳಿಸಿಕೊಂಡು ಹೋಗಿಬಿಡುತ್ತದೆ. ಎಳೆದಾಗ ಸ್ವಲ್ಪ ಬಿಗಿಯಾಗುವ, ಅಗಲ ಪಟ್ಟಿಯ ಕಾಲರ್ ಬರುತ್ತದೆ, ಅದನ್ನು ಕೊಳ್ಳಿ.

ಬೈಯಲಿಕ್ಕೆ, ಸ್ನಾನಕ್ಕೆ, ಆಟ ಮುಗಿಸಿ ಕಟ್ಟಿ ಹಾಕಲಿಕ್ಕೆ ಹೆಸರು ಹಿಡಿದು ಕರೆಯಬೇಡಿ. ಎದ್ದು ಹೋಗಿ ಕರೆದುಕೊಂಡು ಬನ್ನಿ. ಓಡಿ ಹೋಗಿ ತಡವಾಗಿ ಬಂದರೂ ಹೊಡೆಯಬೇಡಿ. ಬಂದಿದ್ದಕ್ಕೇ ಏಟು ಬಿತ್ತು ಅಂತ ಅದು ತಿಳಿದುಕೊಳ್ಳುತ್ತದೆ.

ಓಡುವ ಆಸೆಗೂ ದಾರಿ ಬೇಕಲ್ವಾ. ಉದ್ದ ಬಿದಿರು ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಹಳೆ ಬಟ್ಟೆ ಕಟ್ಟಿ ನೆಲದ ಮೇಲೆ ಸುತ್ತಿಸಿ. ಮೊದಲು ಕೂರಲಿ, ನಿಮ್ಮ ಮುಖ ನೋಡಲಿ, ಆಮೇಲೆ ಬಟ್ಟೆ ಓಡಲಿ. ಹಿಡಿದರೆ ಸ್ವಲ್ಪ ಹೊತ್ತು ಅದಕ್ಕೇ ಬಿಡಿ. ನಿಮ್ಮನ್ನು ನೋಡಿದರೆ ಓಟ ಸಿಗುತ್ತದೆ ಅಂತ ಗೊತ್ತಾದ ನಾಯಿ ಬಯಲಲ್ಲೂ ನಿಮ್ಮ ಕಡೆ ನೋಡಲು ಶುರು ಮಾಡುತ್ತದೆ. ನನ್ನ ಮಟ್ಟಿಗೆ ಕೋಳಿ ಚೂರಿಗಿಂತ ಇದೇ ಜಾಸ್ತಿ ಕೆಲಸ ಮಾಡಿದ್ದು. ಬಿಸಿಲೇರುವ ಮುಂಚೆ ಆಡಿಸಿ, ಕೀಲು ಬಲಿಯುವ ವಯಸ್ಸು, ಎತ್ತರಕ್ಕೆ ನೆಗೆಸಬೇಡಿ.

ಮುಧೋಳಕ್ಕೆ ಹೇಳಿದ್ದು ತಲೆಗೆ ಹತ್ತಲ್ಲ ಅನ್ನುವವರ ಮಾತು ಕೇಳಬೇಡಿ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೇ ಹೋಗಿವೆ.

ಶಿವಮೊಗ್ಗದಿಂದ ಇನ್ನೊಬ್ಬರು:
ಓಟದ ಬಗ್ಗೆ ಅಣ್ಣ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ನಮ್ಮ ಮನೆಯಲ್ಲಿರುವುದು ಬೀದಿಯಿಂದ ತಂದ ನಾಡ ನಾಯಿ, ಊಟದ ತಕರಾರು ನಮಗೂ ಇತ್ತು. ಅಕ್ಕ, ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ಗುರ್ ಅನ್ನುವುದು "ದೂರ ಇರು" ಅನ್ನುವ ಎಚ್ಚರಿಕೆ. ಅದನ್ನು ಹೊಡೆದು ಬಿಡಿಸಿದರೆ ಎಚ್ಚರಿಕೆ ಹೋಗುತ್ತದೆ, ಹೆದರಿಕೆ ಉಳಿಯುತ್ತದೆ, ಮುಂದೆ ಸೀದಾ ಕಚ್ಚುತ್ತದೆ. ಅದಕ್ಕೂ ಮುಂಚೆ ಸಣ್ಣ ಸೂಚನೆ ಕೊಟ್ಟಿರುತ್ತದೆ. ತಿನ್ನುವುದು ಒಮ್ಮೆಲೇ ಜೋರಾಗುತ್ತದೆ, ಮೈ ಸೆಟೆಯುತ್ತದೆ, ತಲೆ ಎತ್ತದೆ ಕಣ್ಣಂಚಿನಲ್ಲಿ ನೋಡುವಾಗ ಬಿಳಿ ಭಾಗ ಕಾಣುತ್ತದೆ. ಅಲ್ಲಿಗೇ ನಿಂತುಬಿಡಬೇಕು.

ನಾವು ಮಾಡಿದ್ದು ಇಷ್ಟೇ. ಅದು ಆರಾಮಾಗಿ ತಿನ್ನುತ್ತಿರುವಷ್ಟು ದೂರದಲ್ಲೇ ನಿಂತು ಬಟ್ಟಲಿನ ಹತ್ತಿರಕ್ಕೆ ಒಂದು ಮೊಟ್ಟೆ ಚೂರು ಎಸೆದು ವಾಪಸ್ ಬರುವುದು. ದಿನ ಕಳೆದಂತೆ ನಮ್ಮ ಹೆಜ್ಜೆ ಸದ್ದು ಕೇಳಿದರೆ ಬಾಲ ಆಡಿಸಲು ಶುರು ಮಾಡಿತು. ಬಟ್ಟಲು ಕಿತ್ತುಕೊಂಡು ಪರೀಕ್ಷೆ ಮಾಡಲೇ ಇಲ್ಲ. ಇದನ್ನು ದೊಡ್ಡವರೇ ಮಾಡಿ, ಮಗಳ ಕೈಯಲ್ಲಿ ಬೇಡ. ಸದ್ಯಕ್ಕೆ ಊಟ ಬಾಗಿಲು ಹಾಕಿದ ಕೋಣೆಯಲ್ಲಿ ಹಾಕಿ. ಗುರ್ ಅನ್ನುವುದು ಈಚೆಗೆ ಶುರುವಾಗಿದ್ದರೆ ಒಮ್ಮೆ ಡಾಕ್ಟರಿಗೂ ತೋರಿಸಿ, ಹಲ್ಲುನೋವು, ಹೊಟ್ಟೆನೋವು ಇದ್ದರೂ ಹೀಗಾಗುತ್ತದೆ.

ಕೇಳಿದವರು:
ತುಂಬಾ ಥ್ಯಾಂಕ್ಸ್. ಹಾಗಾದರೆ ಯಜಮಾನಿಕೆ, ತೋಳದ ಗುಂಪಿನ ನಾಯಕ ಅಂತೆಲ್ಲ ಅವರು ಹೇಳಿದ್ದು?

ಬಾಗಲಕೋಟೆ ಕಡೆಯವರು:
ಅದು ಹಳೇ ಕಥೆ ಮೇಡಂ. 1947ರಲ್ಲಿ ಶೆಂಕೆಲ್ ಅನ್ನುವವರು ಕೂಡಿಹಾಕಿದ ತೋಳಗಳನ್ನು ನೋಡಿ ಬರೆದಿದ್ದು. ಸಂಬಂಧವೇ ಇಲ್ಲದ ತೋಳಗಳನ್ನು ಒಂದೇ ಕಡೆ ಹಾಕಿದರೆ ಜಗಳ ಆಡದೆ ಇನ್ನೇನು ಮಾಡುತ್ತವೆ? ಡೇವಿಡ್ ಮೀಚ್ ಅನ್ನುವ ತೋಳ ತಜ್ಞರೂ 1970ರ ಪುಸ್ತಕದಲ್ಲಿ ಈ ಯಜಮಾನಿಕೆಯ ಮಾತನ್ನೇ ಹೇಳಿದ್ದರು. ಆಮೇಲೆ ಕಾಡಿನಲ್ಲೇ ವರ್ಷಗಟ್ಟಲೆ ನೋಡಿ, 1999ರಲ್ಲಿ ಅವರೇ ತಿದ್ದಿದರು. ಕಾಡಿನ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಒತ್ತಿ ಹಿಡಿದಾಗ ನಾಯಿ ಸುಮ್ನಾದರೆ ಅದು ಮರ್ಯಾದೆ ಅಲ್ಲ, ಭಯ. ತುಟಿ ನೆಕ್ಕುತ್ತದೆ, ಮುಖ ಆ ಕಡೆ ತಿರುಗಿಸುತ್ತದೆ, ಗಮನಿಸಿದರೆ ನಿಮಗೇ ಕಾಣುತ್ತದೆ. ಬೇರೆ ತರಬೇತುದಾರರನ್ನು ಹುಡುಕಿ. ಮೊದಲ ದಿನ ಅವರು ನಾಯಿಯನ್ನು ಮುಟ್ಟುವ ಮುಂಚೆ ಎಷ್ಟು ಹೊತ್ತು ಸುಮ್ನೆ ನಿಂತು ನೋಡುತ್ತಾರೆ, ಅದನ್ನು ನೋಡಿ ಆರಿಸಿ.