ಓದುಗರ ಸ್ಪಂದನ: ‘ಅದೂ ಒಂದು ಕೆಲಸವಾ?’

ಕಳೆದ ಸಂಚಿಕೆಯ ಸಮಸ್ಯೆ: ನನಗೆ 27 ವರ್ಷ. ಅರಸೀಕೆರೆ ಹತ್ತಿರದ ಹಳ್ಳಿಯವನು, ಬಿ.ಕಾಂ. ಮುಗಿಸಿದ್ದೇನೆ. ಮೂರು ವರ್ಷದಿಂದ ಬೆಂಗಳೂರಿನಲ್ಲಿ ಬೈಕ್ ಮೇಲೆ ದಿನಸಿ ಡೆಲಿವರಿ ಮಾಡುತ್ತಿದ್ದೇನೆ. ತಿಂಗಳು ತಿಂಗಳು ಮನೆಗೆ ದುಡ್ಡು ಕಳಿಸುತ್ತೇನೆ. ಆದರೂ ಅಪ್ಪ ಊರಿನಲ್ಲಿ ‘ಮಗ ಕಂಪನಿಯಲ್ಲಿದ್ದಾನೆ’ ಎಂದಷ್ಟೇ ಹೇಳುತ್ತಾರೆ. ಹೋದ ತಿಂಗಳು ಹೆಣ್ಣಿನ ಕಡೆಯವರು ‘ಅದೂ ಒಂದು ಕೆಲಸವಾ?’ ಎಂದು ಎದ್ದು ಹೋದರು. ರಾತ್ರಿ ಹನ್ನೊಂದಕ್ಕೆ ಯಾರಿಗೋ ಒಂದು ಪ್ಯಾಕೆಟ್ ಚಿಪ್ಸ್ ಕೊಡಲು ಹೋಗುವಾಗ ನನಗೂ ಹಾಗೇ ಅನಿಸುತ್ತದೆ. ಇದರಿಂದ ಯಾರಿಗೆ ಏನು ಉಪಯೋಗ? ಬಿಟ್ಟು ಊರಿಗೆ ಹೋಗಲಾ?

ತಮ್ಮಾ, ಚಿಪ್ಸ್ ಬಗ್ಗೆ ಬರೆದಿದ್ದೀಯ. ನಾನು ಡೈಪರ್ ಬಗ್ಗೆ ಬರೆಯುತ್ತೇನೆ. ನಮ್ಮವರಿಗೆ ಪಾರ್ಶ್ವವಾಯು ಆಗಿ ಎರಡು ವರ್ಷ. ಹಾಸಿಗೆ ಬಿಟ್ಟು ಏಳೋದಿಲ್ಲ. ಮಕ್ಕಳಿಬ್ಬರೂ ದೂರದಲ್ಲಿದ್ದಾರೆ. ಮೊದಲು ದೊಡ್ಡವರ ಡೈಪರ್ ತರಬೇಕು ಅಂದರೆ ಹೊರಗಿನಿಂದ ಬೀಗ ಹಾಕಿಕೊಂಡು ಆಟೋದಲ್ಲಿ ಹೋಗಿ ಬರುತ್ತಿದ್ದೆ. ಆ ಮುಕ್ಕಾಲು ಗಂಟೆ ಎದೆ ಡವಡವ ಅನ್ನುತ್ತಿತ್ತು, ಅವರು ಬಾಯಾರಿ ಕೂಗಿದರೆ ಯಾರು ಕೇಳುತ್ತಾರೆ, ಮಂಚದಿಂದ ಜಾರಿದರೆ ಏನು ಗತಿ ಅಂತ. ಈಗ ಆ ಬೀಗ ಹಾಕುವ ಕೆಲಸ ತಪ್ಪಿದೆ. ಒಂದು ಸಲ ಒಬ್ಬ ಹುಡುಗ ನನ್ನ ಮುಖ ನೋಡಿ, ನಾನು ಹೇಳುವ ಮೊದಲೇ ಚಪ್ಪಲಿ ಬಿಟ್ಟು, ಹತ್ತು ಕೆ.ಜಿ. ಅಕ್ಕಿ ಚೀಲವನ್ನು ಒಳಗೆ ಅಡುಗೆಮನೆವರೆಗೂ ತಂದಿಟ್ಟ. ನೀರು ಕುಡೀತೀಯಾ ಅಂತ ಕೇಳುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದ. ಅವತ್ತು ಅವನ ಬ್ಯಾಗಿನಲ್ಲಿ ಇನ್ಯಾರದ್ದೋ ಚಿಪ್ಸ್ ಕೂಡ ಇದ್ದಿರಬಹುದು, ಅಲ್ವಾ? ಯಾವ ಮನೆಗೆ ಯಾವುದು ಎಷ್ಟು ಬೇಕಾಗಿತ್ತು ಅನ್ನೋದು ಬಾಗಿಲಲ್ಲಿ ನಿಂತವರಿಗೆ ಕಾಣಿಸೋದಿಲ್ಲ. ಅದಕ್ಕೇ ಬರೆದೆ.
– ನಿವೃತ್ತ ಶಿಕ್ಷಕಿ, ಮೈಸೂರು

ನನ್ನ ಮಾತು ಸ್ವಲ್ಪ ಬೇರೆ ಇದೆ, ಬೇಜಾರು ಮಾಡಿಕೊಳ್ಳಬೇಡಿ. 22 ವರ್ಷದಿಂದ ಕಿರಾಣಿ ಅಂಗಡಿ ನಡೆಸುತ್ತಿದ್ದೇನೆ. ಈಗ ಜನ ಅಕ್ಕಿ, ಎಣ್ಣೆ, ಸೋಪು ಎಲ್ಲಾ ಆಫರ್ ನೋಡಿ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ನನ್ನ ಹತ್ತಿರ ಬರೋದು ಕೊತ್ತಂಬರಿ ಸೊಪ್ಪಿಗೆ, ಇಲ್ಲಾ ಉದ್ರಿಗೆ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಬೀದಿಯ ಎಷ್ಟೋ ಮನೆಗಳಿಗೆ ಲೆಕ್ಕ ಬರೆದುಕೊಂಡು ಸಾಮಾನು ಕೊಟ್ಟೆ. ಕೆಲವರ ಲೆಕ್ಕ ಇನ್ನೂ ಪುಸ್ತಕದಲ್ಲೇ ಇದೆ. ಹಾಗೆ ಕೊಡುವ ಅಂಗಡಿ ಬೀದಿಯಲ್ಲಿ ಉಳಿಯಬೇಕೋ ಬೇಡವೋ? ನಿಮ್ಮ ಕೆಲಸದಿಂದ ಯಾರಿಗೂ ನಷ್ಟವಿಲ್ಲ ಅಂತ ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ.

ಆದರೆ ಇನ್ನೊಂದನ್ನೂ ಹೇಳಲೇಬೇಕು. ನನ್ನ ಅಂಗಡಿಯಲ್ಲಿ ನಾಲ್ಕು ವರ್ಷ ಇದ್ದ ಹುಡುಗ ಈಗ ನಿಮ್ಮ ಹಾಗೇ ಡೆಲಿವರಿ ಮಾಡುತ್ತಾನೆ. ನಾನು ಕೊಡುತ್ತಿದ್ದ ಸಂಬಳಕ್ಕಿಂತ ಜಾಸ್ತಿ ದುಡಿಯುತ್ತಾನೆ. ಅವನ ಮೇಲೆ ನನಗೆ ಕೋಪ ಇಲ್ಲ, ನಿಮ್ಮ ಮೇಲೂ ಇಲ್ಲ. ಆಫರ್ ಕೊಟ್ಟು ನನ್ನ ಗಿರಾಕಿ ಎಳೆಯೋರು ನೀವಲ್ಲ. ಊರಿಗೆ ಹೋಗಿ ಅಂಗಡಿ ಇಡುವ ಯೋಚನೆ ಇದ್ದರೆ ಮಾತ್ರ ಒಂದು ಮಾತು: ಬಂಡವಾಳದಲ್ಲಿ ಎಷ್ಟು ಭಾಗ ಉದ್ರಿಗೆ ಹೋಗುತ್ತೆ ಅಂತ ಮೊದಲೇ ಲೆಕ್ಕ ಹಾಕಿ. ಬಿ.ಕಾಂ. ಓದಿದ್ದೀರಿ, ನಿಮಗೆ ಗೊತ್ತಾಗುತ್ತೆ.
– ಕಿರಾಣಿ ವ್ಯಾಪಾರಿ, ದಾವಣಗೆರೆ

ನಾನು ಪೋಸ್ಟ್‌ಮ್ಯಾನ್ ಆಗಿ ನಿವೃತ್ತನಾದವನು. ಮನಿಯಾರ್ಡರ್, ಪಾರ್ಸೆಲ್, ಕಾಗದ ಎಲ್ಲಾ ಹೊತ್ತು ಸೈಕಲ್ ತುಳಿದಿದ್ದೇನೆ. ವಿಳಾಸ ಹುಡುಕೋದು, ಬಾಗಿಲು ತಟ್ಟೋದು, ಕೈಗೆ ಕೊಡೋದು. ಮಳೆಯಲ್ಲಿ ನಾನು ನೆನೆದರೂ ಚೀಲ ನೆನೆಯಬಾರದು. ನೀವು ಮಾಡೋದೂ ಅದನ್ನೇ. ನನಗೆ ಹೆಣ್ಣು ಕೊಡುವಾಗ ಯಾರೂ ‘ಅದೂ ಒಂದು ಕೆಲಸವಾ’ ಅನ್ನಲಿಲ್ಲ, ಯಾಕೆಂದರೆ ತಿಂಗಳ ಸಂಬಳ ಇತ್ತು, ರಜೆ ಇತ್ತು, ಕೊನೆಗೆ ಪೆನ್ಷನ್ ಇತ್ತು. ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ. ಆ ಹೆಣ್ಣಿನ ಕಡೆಯವರು ‘ನಾಳೆ ಬೈಕಿನಿಂದ ಬಿದ್ದರೆ ಮನೆ ಹೇಗೆ ನಡೆಯುತ್ತೆ’ ಅಂತ ಕೇಳಿದ್ದರೆ ನಾನು ಅವರನ್ನು ತಪ್ಪು ಅನ್ನುತ್ತಿರಲಿಲ್ಲ. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಆ ಪ್ರಶ್ನೆ ನಿಮ್ಮೊಬ್ಬರಿಗೆ ಅಲ್ಲ, ನಿಮ್ಮಿಂದ ಕೆಲಸ ಮಾಡಿಸಿಕೊಳ್ಳುವವರಿಗೆ.
– ತಿಪಟೂರು

ಪೋಸ್ಟ್‌ಮ್ಯಾನ್ ಸಾರ್ ಕೇಳಿದಂಥದ್ದೇ ಪ್ರಶ್ನೆ ನನ್ನ ಮನೆಯಲ್ಲೂ ಬಂದಿತ್ತು, ನಾನು ನಿಜವಾಗಲೂ ಬಿದ್ದ ಮೇಲೆ. ಐದು ವರ್ಷ ಬೆಂಗಳೂರಿನಲ್ಲೇ ಡೆಲಿವರಿ ಮಾಡಿದ್ದೇನೆ. ಒಂದು ರಾತ್ರಿ ಹೆಬ್ಬಾಳದ ಹತ್ತಿರ ಮಳೆಯಲ್ಲಿ ಬೈಕ್ ಜಾರಿ ಮಣಿಕಟ್ಟು ಮುರಿಯಿತು. ಆರು ವಾರ ಮನೆಯಲ್ಲಿ ಕೂತೆ, ಒಂದು ರೂಪಾಯಿ ಬರಲಿಲ್ಲ. ಇನ್ನೊಂದು ಸಲ ಯಾರೋ ಗಿರಾಕಿ ಸಾಮಾನು ಬಂದೇ ಇಲ್ಲ ಅಂತ ದೂರು ಕೊಟ್ಟರು, ಬೆಳಗ್ಗೆ ಎದ್ದು ನೋಡಿದರೆ ನನ್ನ ಐಡಿ ಬ್ಲಾಕ್ ಆಗಿತ್ತು. ಯಾರನ್ನು ಕೇಳಬೇಕು? ಫೋನ್ ಮಾಡಿದರೆ ರೆಕಾರ್ಡ್ ಆದ ದನಿ, ಮೆಸೇಜ್ ಮಾಡಿದರೆ ಅದೇ ರೆಡಿಮೇಡ್ ಉತ್ತರ. ಕೆಲಸ ತೆಗೆದ ಮನುಷ್ಯನ ಮುಖ ನೋಡಿ ಜಗಳ ಆಡೋಕೂ ಆಗಲಿಲ್ಲ, ಆ ನೋವು ಇವತ್ತಿಗೂ ಇದೆ.

ಇದು ನಮ್ಮಿಬ್ಬರದ್ದೇ ಕಥೆ ಅಲ್ಲ. ನೀತಿ ಆಯೋಗ 2022ರಲ್ಲಿ ಕೊಟ್ಟ ವರದಿಯ ಪ್ರಕಾರ 2020–21ರಲ್ಲೇ ದೇಶದಲ್ಲಿ ನಮ್ಮಂಥ ಗಿಗ್ ಕಾರ್ಮಿಕರು, ಅಂದರೆ ತಿಂಗಳ ಸಂಬಳವಿಲ್ಲದೆ ಮಾಡಿದ ಕೆಲಸಕ್ಕಷ್ಟೇ ದುಡ್ಡು ಪಡೆಯುವವರು, ಸುಮಾರು 77 ಲಕ್ಷ ಇದ್ದರು. ಇಷ್ಟು ಜನ ಕೆಲಸಕ್ಕೆ ಬಾರದ ಕೆಲಸ ಮಾಡುತ್ತಿದ್ದರೆ ಯಾರು ದುಡ್ಡು ಕೊಟ್ಟು ಮಾಡಿಸುತ್ತಿದ್ದರು ಹೇಳಿ? ಕೆಲಸಕ್ಕೆ ಬೆಲೆ ಇದೆ. ಆ ಬೆಲೆ ನಮ್ಮ ಕೈಗೆ ಪೂರ್ತಿ ಬರುತ್ತಿಲ್ಲ.

ಅದಕ್ಕೆ ಏನಾಗಿದೆ ಅಂತ ತಿಳಿದುಕೊಳ್ಳಿ. ರಾಜಸ್ಥಾನ 2023ರಲ್ಲಿ ಮೊದಲು ಕಾನೂನು ಮಾಡಿತು. ನಮ್ಮ ರಾಜ್ಯದಲ್ಲಿ 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ಬಂತು. ಅದರಲ್ಲಿ ನಮಗೊಂದು ಕಲ್ಯಾಣ ಮಂಡಳಿ ಇದೆ. ಪ್ರತಿ ಆರ್ಡರಿಗೆ ನಮಗೆ ಕೊಡುವ ಹಣದ ಮೇಲೆ ಕಂಪನಿಯವರು ಶೇ 1ರಿಂದ 5ರವರೆಗೆ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದು ಕೊಟ್ಟು, 14 ದಿನ ಮೊದಲೇ ತಿಳಿಸಬೇಕು. ನನ್ನ ಐಡಿ ಬ್ಲಾಕ್ ಆದಾಗ ಇದು ಇದ್ದಿದ್ದರೆ! ಇನ್ನೊಂದು, ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮೆ. 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆ, ಪ್ರೀಮಿಯಂ ಸರ್ಕಾರದ್ದೇ. ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಕಾರ್ಡ್) ಮಾಡಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಮಾಡಿಸಿ, ನಾಳೆ ನಾಳೆ ಅಂತ ನಾನು ಬಿಟ್ಟ ಹಾಗೆ ಬಿಡಬೇಡಿ.

ಒಂದು ನೋಟ್‌ಬುಕ್ ಇಡಿ. ಪೆಟ್ರೋಲ್, ಸರ್ವಿಸ್, ಟೈರ್, ಫೋನ್ ರೀಚಾರ್ಜ್, ಬೈಕಿನ ಕಂತು ಎಲ್ಲಾ ಬರೆಯಿರಿ. ಕೈಗೆ ಬಂದದ್ದು ಬೇರೆ, ಉಳಿದದ್ದು ಬೇರೆ. ಇನ್ಸೆಂಟಿವ್‌ಗೆ ಎರಡೇ ಆರ್ಡರ್ ಬಾಕಿ ಇದೆ ಅಂತ ಮಧ್ಯರಾತ್ರಿವರೆಗೆ ಓಡಿಸುತ್ತಿದ್ದೆ. ಮೂರು ತಿಂಗಳ ಲೆಕ್ಕ ನೋಡಿದ ಮೇಲೆ ಆ ಆಸೆ ಬಿಟ್ಟೆ. ಈಗ ಒಂದು ಗೋದಾಮಿನಲ್ಲಿ ಸಂಬಳದ ಕೆಲಸಕ್ಕಿದ್ದೇನೆ. ನೀವೂ ಬಿಡಿ ಅನ್ನೋದಿಲ್ಲ. ಬಿಡೋದಾದರೆ ಲೆಕ್ಕ ನೋಡಿ ಬಿಡಿ, ನಾಚಿಕೆಯಿಂದ ಬಿಡಬೇಡಿ.
– ಯಲಹಂಕ

ನಾನಿರುವ ಬ್ರಿಟನ್ನಿನಲ್ಲಿ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಊಬರ್ ಚಾಲಕರ ಪ್ರಕರಣದಲ್ಲಿ ಅವರನ್ನು ಸ್ವಂತ ಉದ್ಯೋಗದವರು ಅಂತಲ್ಲ, ಕಾರ್ಮಿಕರು ಎಂದೇ ಪರಿಗಣಿಸಬೇಕು ಅಂತ ತೀರ್ಪು ಕೊಟ್ಟಿತು. ಕನಿಷ್ಠ ವೇತನ, ಸಂಬಳ ಸಹಿತ ರಜೆ ಅವರ ಹಕ್ಕಾಯಿತು. ಓಡಿಸುವ ಕಾರು ಅದೇ, ರಸ್ತೆ ಅದೇ. ಅಷ್ಟಕ್ಕೇ ಕೆಲಸ ನೋಡುವ ಕಣ್ಣು ಬದಲಾಗುತ್ತೆ.
– ಲಂಡನ್‌ನಿಂದ ಒಬ್ಬ ಕನ್ನಡಿಗ

ನಾವು ಇಳಕಲ್ ಸೀರೆ ಮಾರುತ್ತೇವೆ. ಮೊದಲು ಊರ ಅಂಗಡಿಗೆ ಬಂದವರಷ್ಟೇ ಗಿರಾಕಿ. ಈಗ ಪುಣೆಯಿಂದ, ಹೈದರಾಬಾದಿನಿಂದ ಆರ್ಡರ್ ಬರುತ್ತೆ, ಟೋಪ ತೆನಿ ಸೆರಗೇ ಬೇಕು ಅಂತ ಹುಡುಕಿ ಕೇಳುವವರೂ ಇದ್ದಾರೆ. ಕಷ್ಟ ಇಲ್ಲ ಅಂತಲ್ಲ. ಮದುವೆಗೆ ಉಟ್ಟು, ಅರಿಶಿನದ ಕಲೆ ಸಮೇತ ವಾಪಸ್ ಕಳಿಸಿದವರಿದ್ದಾರೆ, ಎರಡೂ ಕಡೆಯ ಖರ್ಚು ನಮ್ಮ ತಲೆ ಮೇಲೆ. ಆದರೂ ಮಗ್ಗ ನಿಂತಿಲ್ಲ. ನೇಕಾರರ ಮನೆಯಿಂದ ಉಡುವವರ ಮನೆಗೆ ಸೀರೆ ಹೋಗೋದು ನಿಮ್ಮಂಥವರ ಬೆನ್ನ ಮೇಲೆ. ನಮ್ಮಲ್ಲಿಗೆ ಪಾರ್ಸೆಲ್ ಒಯ್ಯಲು ಬರುವ ಹುಡುಗನಿಗೆ ನನ್ನ ಅತ್ತೆ ಮಜ್ಜಿಗೆ ಕೊಡದೆ ಕಳಿಸೋದಿಲ್ಲ.
– ಇಳಕಲ್

ನನ್ನ ಗಂಡ ಡೆಲಿವರಿ ಕೆಲಸದಲ್ಲಿದ್ದಾರೆ. ನಮ್ಮ ಅಪ್ಪನೂ ಮೊದಲು ಬೇಡ ಅಂದಿದ್ದರು. ಇವರು ಎರಡನೇ ಸಲ ಬಂದಾಗ ಬ್ಯಾಂಕ್ ಪಾಸ್‌ಬುಕ್ಕು, ಇ-ಶ್ರಮ್ ಕಾರ್ಡು, ಬೈಕ್ ಸಾಲ ತೀರಿದ ಕಾಗದ ಎಲ್ಲಾ ತಂದು ಮುಂದಿಟ್ಟರು. ಅಪ್ಪ ಒಂದೊಂದನ್ನೂ ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು, ‘ರಾತ್ರಿ ಮನೆಗೆ ಎಷ್ಟು ಗಂಟೆಗೆ ಬರ್ತೀರಿ?’ ಹತ್ತಕ್ಕೆ ಅಂದರು. ಇವತ್ತಿಗೂ ಹತ್ತು ಅಂದರೆ ಹತ್ತೇ, ಮಳೆಯ ದಿನ ಎಷ್ಟು ಜಾಸ್ತಿ ಕೊಟ್ಟರೂ ಸರಿ. ಮುಂದಿನ ಸಲ ಹೆಣ್ಣು ನೋಡಲು ಹೋದಾಗ ಕಂಪನಿ ಅಂತ ಹೇಳಿಸಬೇಡಿ. ಏನು ಮಾಡುತ್ತೀರೋ ಅದನ್ನು ನೀವೇ ಹೇಳಿ. ಅಪ್ಪ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ.
– ಗೃಹಿಣಿ, ಕೆಂಗೇರಿ