ಮೇ ತಿಂಗಳ ಹಿಮಾಲಯ ಚಾರಣ: ಟ್ರೆಕ್ ಗೈಡ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಸರ್. ನಾನು ಹೈಸ್ಕೂಲ್ ಟೀಚರ್, ವಯಸ್ಸು 44. ನಾನು, ನಮ್ಮ ಯಜಮಾನ್ರು (49, ಬಿಪಿ ಮಾತ್ರೆ ತಗೋತಾರೆ), ಪಿಯುಸಿ ಪಾಸಾದ ಮಗ, ನಾದಿನಿ, ಒಟ್ಟು ನಾಲ್ಕು ಜನ ಮೇ 10ರಿಂದ 18ರವರೆಗೆ ಹಿಮಾಲಯಕ್ಕೆ ಹೊರಟಿದ್ದೇವೆ. ಮಗನಿಗೆ ಹಿಮಾಚಲದ ಹಮ್ತಾ ಪಾಸ್ (ಬೆಟ್ಟ ದಾಟುವ ಕಣಿವೆದಾರಿ) ಬೇಕಂತೆ, ನನಗೆ ಉತ್ತರಾಖಂಡದ ಹರ್ ಕಿ ದೂನ್ ಕಣಿವೆ ಆದರೂ ಸಾಕು. ಕುಮಾರಪರ್ವತ ಎರಡು ಸಲ ಹತ್ತಿದ್ದೇವೆ. ಅಷ್ಟು ಅನುಭವ ಸಾಲುತ್ತಾ?

ಉತ್ತರ: ಮೇಡಂ, ಹಮ್ತಾ ಬಿಟ್ಟುಬಿಡಿ. 4,270 ಮೀಟರ್ ಎತ್ತರ ಅದು, ಮೇ ನಡುವಿನಲ್ಲಿ ಇನ್ನೂ ಹಿಮ ತುಂಬಿರುತ್ತದೆ, ಸಾಮಾನ್ಯವಾಗಿ ತಂಡಗಳು ಹೊರಡುವುದೇ ಜೂನ್‌ನಲ್ಲಿ. ಮಗ ಪಿಯುಸಿ ಪಾಸಾದನಲ್ಲ, ಈ ಪಾಸ್ ಮುಂದಿನ ವರ್ಷಕ್ಕಿರಲಿ.

ಹರ್ ಕಿ ದೂನ್ ಒಳ್ಳೆಯ ಆಯ್ಕೆ. ಆದರೆ ಕುಮಾರಪರ್ವತದ ಲೆಕ್ಕ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಅದು ಕಾಲಿಗೆ, ದಮ್ಮಿಗೆ ಒಳ್ಳೆ ಪರೀಕ್ಷೆ, ಒಪ್ಪುತ್ತೇನೆ. ಅದರ ತುದಿ 1,712 ಮೀಟರ್. ನೀವು ಮೊದಲು ಹೋಗಿ ಇಳಿಯುವ ಸಾಂಕ್ರಿ ಊರೇ ಅದಕ್ಕಿಂತ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು. ಅಲ್ಲಿಂದ 3,566 ಮೀಟರ್‌ವರೆಗೆ ಹೋಗಬೇಕು. ಎತ್ತರದ ಕಾಟ ಏನು ಅಂತ ನಿಮ್ಮ ಮೈಗೆ ಇನ್ನೂ ಗೊತ್ತಿಲ್ಲ.

ಹಾಗಾಗಿ ಅವಸರ ಬೇಡ. ಓಸ್ಲಾ ಊರಿನ ಹತ್ತಿರ ಸುಮಾರು 2,500 ಮೀಟರಲ್ಲಿ ಒಂದು ರಾತ್ರಿ, ಅದರ ಮೇಲಿನ ಕಲ್ಕತ್ತಿಯಾಧಾರ್ ಕ್ಯಾಂಪ್‌ನಲ್ಲಿ ಒಂದು ರಾತ್ರಿ. ಮರುದಿನ ಹರ್ ಕಿ ದೂನ್ ನೋಡಿಕೊಂಡು ವಾಪಸ್ ಕೆಳಗೇ ಬಂದು ಮಲಗಿ. ಓಸ್ಲಾದಿಂದ ಒಂದೇ ದಿನಕ್ಕೆ ಸಾವಿರ ಮೀಟರ್ ಏರಿ ಅಲ್ಲೇ ಮಲಗಿದವರು ರಾತ್ರಿಯೆಲ್ಲ ತಲೆ ಹಿಡಿದುಕೊಂಡು ಕೂತಿದ್ದನ್ನು ನೋಡಿದ್ದೇನೆ. ತಲೆನೋವು, ಹೊಟ್ಟೆ ತೊಳಸುವುದು, ಊಟ ಸೇರದಿರುವುದು ಕಂಡರೆ ಗೈಡ್‌ಗೆ ಹೇಳಿ, ಮುಚ್ಚಿಡಬೇಡಿ. ಕಡಿಮೆ ಆಗದಿದ್ದರೆ ಕೆಳಗಿಳಿಯುವುದೊಂದೇ ದಾರಿ.

ಯಜಮಾನರನ್ನು ಈಗಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬಿಪಿ ಮಾತ್ರೆ ನಿಲ್ಲಿಸಬಾರದು. ಎತ್ತರದ ಕಾಟ ತಡೆಯಲು ಅಂತ ತಗೊಳ್ಳುವ ಡಯಾಮಾಕ್ಸ್ ಮಾತ್ರೆಯನ್ನು ಯಾರೋ ಹೇಳಿದರು ಅಂತ ಸುಮ್ನೆ ನುಂಗುವುದೂ ಬೇಡ. ಅದು ಮೂತ್ರ ಜಾಸ್ತಿ ಮಾಡುವ ಮಾತ್ರೆ, ಕೆಲವು ಬಿಪಿ ಮಾತ್ರೆಗಳೂ ಹಾಗೇ. ಎರಡೂ ಸೇರಿದರೆ ಏನಾಗುತ್ತದೆ ಅಂತ ಡಾಕ್ಟರೇ ಹೇಳಬೇಕು. ಸಲ್ಫಾ ಜಾತಿಯ ಔಷಧಗಳ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ತಯಾರಿಗೆ ಜಿಮ್ ಬೇಡ, ಮೈಸೂರಲ್ಲಿದ್ದೀರಿ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ. ವಾರಕ್ಕೆ ಮೂರು ಸಲ, ಬೆನ್ನಿಗೆ ಆರೇಳು ಕೆಜಿ ಬ್ಯಾಗ್ ಹಾಕಿಕೊಂಡು ಹತ್ತಿ. ಮುಖ್ಯವಾಗಿ ಮೆಟ್ಟಿಲಲ್ಲೇ ಇಳಿಯಿರಿ, ಮೇಲಿಂದ ಬಸ್ ಹಿಡಿಯಬೇಡಿ. ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ ಅಷ್ಟೇ, ಮಂಡಿ ಕೈಕೊಡುವುದು ಇಳಿಯುವಾಗ.

ಪ್ರಶ್ನೆ (ಶಿವಮೊಗ್ಗದಿಂದ): ಬ್ರೋ, ನಾವು ಆರು ಜನ ಹುಡುಗರು ಜೂನ್ ಮೊದಲ ವಾರ ಅದೇ ಕಡೆ ಹೋಗ್ತಿದ್ದೇವೆ. ಫೋನಲ್ಲಿ ಮ್ಯಾಪ್ ಇದೆ. ಗೈಡ್ ಬೇಕೇ ಬೇಕಾ? ಹೇಗೂ ಬೇಸಿಗೆ ಅಲ್ವಾ?

ಉತ್ತರ: ಆ 'ಬೇಸಿಗೆ' ಅನ್ನೋ ಪದವೇ ಮೋಸ ಮಾಡುವುದು ತಮ್ಮಾ. 2024ರ ಜೂನ್ ಮೊದಲ ವಾರ ಉತ್ತರಕಾಶಿ ಕಡೆಯ ಸಹಸ್ರತಾಲ್ ಎಂಬ ಎತ್ತರದ ಸರೋವರಗಳಿಗೆ ಹೋಗಿದ್ದ, ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು, 9 ಮಂದಿ ತೀರಿಕೊಂಡರು. ಆ ತಂಡದಲ್ಲಿ ಅನುಭವಿಗಳಿದ್ದರು, ಗೈಡ್‌ಗಳೂ ಇದ್ದರು. ನಾವೆಲ್ಲ ಊರಲ್ಲಿ ಮಾವಿನಹಣ್ಣು ತಿನ್ನುತ್ತಾ ಕೂತಿದ್ದ ವಾರ ಅದು. ಹರ್ ಕಿ ದೂನ್ ಅಷ್ಟು ಎತ್ತರವಲ್ಲ, ಅಷ್ಟು ಕಷ್ಟವೂ ಅಲ್ಲ, ಆದರೆ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಆಲಿಕಲ್ಲು ಸುರಿಯುವುದು ಅಲ್ಲೂ ಉಂಟು. ಬೆಳಿಗ್ಗೆ ಬೇಗ ಹೊರಟು ಎರಡು ಗಂಟೆಯೊಳಗೆ ಟೆಂಟ್ ಸೇರಬೇಕು.

ಇನ್ನು ಹಳ್ಳದ ಮೇಲೆ ಕೂತಿರುವ ಹಿಮ. ನೋಡಲು ಗಟ್ಟಿ ಸೇತುವೆ ಥರ ಇರುತ್ತದೆ, ಅಡಿಯಲ್ಲಿ ನೀರು ಅದನ್ನು ಕೊರೆದಿರುತ್ತದೆ. ಎಲ್ಲಿ ಕಾಲಿಡಬೇಕು ಅಂತ ಮ್ಯಾಪ್ ಹೇಳಲ್ಲ, ಅಲ್ಲಿನ ಊರಿನವನು ಕೋಲಲ್ಲಿ ಕುಟ್ಟಿ ನೋಡಿ ಹೇಳುತ್ತಾನೆ. ಸಾಂಕ್ರಿಯಲ್ಲೇ ಗೈಡ್ ಸಿಗುತ್ತಾರೆ, ಅರಣ್ಯ ಇಲಾಖೆಯ ಪರ್ಮಿಟ್ ಕೆಲಸವೂ ಅವರ ಜೊತೆ ಸಲೀಸು. ಆರು ಜನ ಹಂಚಿಕೊಂಡರೆ ಏನು ಮಹಾ ಖರ್ಚು? ಅಂದಹಾಗೆ ಹರ್ ಕಿ ದೂನ್‌ನಲ್ಲಿ ಎದುರಿಗೆ ಕಾಣುವ ಸ್ವರ್ಗಾರೋಹಿಣಿ ಶಿಖರವೇ ಪಾಂಡವರು ಸ್ವರ್ಗಕ್ಕೆ ಹೋದ ದಾರಿ ಅನ್ನುತ್ತಾರೆ. ಕೊನೆವರೆಗೆ ಮುಟ್ಟಿದ್ದು ಧರ್ಮರಾಯ ಮತ್ತು ನಾಯಿ ಮಾತ್ರ, ಉಳಿದವರೆಲ್ಲ ದಾರಿಯಲ್ಲೇ ಬಿದ್ದರು, ನೆನಪಿರಲಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಕೇಳೋಕೆ ಮುಜುಗರ, ಆದ್ರೂ ಕೇಳ್ತೀನಿ. ನಡುವೆ ಮುಟ್ಟಾದರೆ ಏನು ಮಾಡೋದು ಸರ್?

ಉತ್ತರ: ಮುಜುಗರ ಯಾಕೆ, ಪ್ರತಿ ತಂಡದಲ್ಲೂ ಆಗುವುದೇ. ಸುಸ್ತಿಲ್ಲದಿದ್ದರೆ ನಡೆಯಲು ಅಡ್ಡಿಯಿಲ್ಲ. ದಿನ ಬಂದಿಲ್ಲ ಅಂದರೂ ಪ್ಯಾಡ್ ಇಟ್ಟುಕೊಳ್ಳಿ. ಬಳಸಿದ್ದನ್ನು ಪೇಪರ್ ಸುತ್ತಿ ಜಿಪ್ ಕವರ್‌ನಲ್ಲಿ ಹಾಕಿ ಕೆಳಗೆ ತನ್ನಿ, ಅಲ್ಲಿ ಹೂಳಬೇಡಿ. ಮುಂದೂಡುವ ಮಾತ್ರೆಯನ್ನು ಡಾಕ್ಟರ್ ಕೇಳದೆ ತಗೋಬೇಡಿ.

ಪ್ರಶ್ನೆ (ಮೈಸೂರು ಟೀಚರ್ ಮತ್ತೆ): ಥ್ಯಾಂಕ್ಸ್ ಸರ್. ಮಗ ಮುಖ ಊದಿಸಿಕೊಂಡಿದ್ದಾನೆ, ಆದರೆ ಒಪ್ಪಿದ. ಯಜಮಾನರ ಹಳೇ ಟ್ರೆಕ್ಕಿಂಗ್ ಶೂ ಅಟ್ಟದ ಮೇಲಿದೆ, ನಾಲ್ಕು ವರ್ಷದಿಂದ ಹಾಕಿಲ್ಲ, ಹೊಸದರಂತೆಯೇ ಇದೆ. ನಡೆಯುತ್ತಾ? ತಿನ್ನೋಕೆ ಏನು ಒಯ್ಯಲಿ? 17ಕ್ಕೆ ಡೆಹ್ರಾಡೂನ್, 18ರ ಬೆಳಿಗ್ಗೆ ಫ್ಲೈಟ್.

ಉತ್ತರ: ಆ ಶೂ ಬೇಡವೇ ಬೇಡ. ಹೋದ ಸಲ ನನ್ನ ತಂಡದಲ್ಲಿ ಒಬ್ಬರು ಹೀಗೇ ಅಟ್ಟದ ಶೂ ತಂದಿದ್ದರು. ಎರಡನೇ ದಿನ ಸೋಲ್ ಹಲ್ಲಿಯ ಬಾಲದಂತೆ ಕಳಚಿ ಕೈಗೆ ಬಂತು. ಹಾಕದೆ ಇಟ್ಟರೆ ಅಂಟು, ಸೋಲ್ ಒಳಗೊಳಗೇ ಪುಡಿಯಾಗುತ್ತದೆ, ಹೊರಗೆ ಗೊತ್ತೇ ಆಗಲ್ಲ. ಟೆಂಟ್ ಹಗ್ಗದಲ್ಲಿ ಕಟ್ಟಿಕೊಂಡು ಪಾಪ ಮೂರು ದಿನ ನಡೆದರು. ಹೊಸದು ತಗೊಳ್ಳಿ, ಈಗಲೇ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿ. ಹೊರಡುವ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ, ಇಲ್ಲದಿದ್ದರೆ ಇಳಿಯುವಾಗ ಕಪ್ಪಾಗುತ್ತದೆ. ಜೀನ್ಸ್ ಮನೆಯಲ್ಲೇ ಇರಲಿ, ನೆನೆದರೆ ಅಲ್ಲಿ ಒಣಗಲ್ಲ.

ತಿನ್ನಲು ಚಟ್ನಿಪುಡಿ, ಹುಣಸೆಹುಳಿ ಹಾಕಿದ ಗೊಜ್ಜವಲಕ್ಕಿ, ಶೇಂಗಾ ಚಿಕ್ಕಿ. ಎತ್ತರದಲ್ಲಿ ಅನ್ನ ದಾಲ್ ನೋಡಿದರೆ ಬೇಜಾರಾಗುತ್ತದೆ, ಹುಳಿ ಖಾರ ಇದ್ದರೆ ನಾಲ್ಕು ತುತ್ತು ಇಳಿಯುತ್ತದೆ. ದುಡ್ಡು ಡೆಹ್ರಾಡೂನ್‌ನಲ್ಲೇ ತೆಗೆದಿಟ್ಟುಕೊಳ್ಳಿ, ಸಾಂಕ್ರಿ ದಾಟಿದ ಮೇಲೆ ನೆಟ್‌ವರ್ಕ್ ನಂಬಬೇಡಿ.

ಫ್ಲೈಟ್ ಮಾತ್ರ 19ಕ್ಕೆ ಹಾಕಿಸಿ. ಸಾಂಕ್ರಿಯಿಂದ ಡೆಹ್ರಾಡೂನ್ ಸುಮಾರು 200 ಕಿಲೋಮೀಟರ್ ಅಷ್ಟೇ, ಆದರೆ ಎಂಟು ಹತ್ತು ಗಂಟೆ ಹಿಡಿಯುತ್ತದೆ, ಮಳೆ ಬಂದು ಗುಡ್ಡ ಕುಸಿದರೆ ದೇವರೇ ಗತಿ. ಒಂದು ದಿನ ಉಳಿದರೆ ಡೆಹ್ರಾಡೂನ್‌ನಲ್ಲಿ ನಿದ್ದೆ ಮಾಡಿ, ಮಗನಿಗೆ ಮಸ್ಸೂರಿ ತೋರಿಸಿ.